ಅಂಕಮ್ಮನವರಿಗೆ ತಿಳಿಯದ ಮಾತು

12-1-1981, ಸೋಮವಾರ
ಇವತ್ತೂ ಅಂಕಮ್ಮನವರ ಪಡಸಾಲೆಯಲ್ಲಿ ಕೊಬ್ಬರಿ ಚಿಪ್ಪು ಒಡೆಯುವ ಕೆಲಸ. ಎದುರಿಗೆ ಅವರ ಸೊಸೆ ಹೊಂಬಾಳಕ್ಕ. ಪಿಯುಸಿ ಓದಿದವಳು. ಕೊಬ್ಬರಿ ಉಂಡೆಯಾಗಿಯೇ ಬಂದರೆ ನನಗೊಂದು ಹೊಸ ಇಂಗ್ಲಿಷ್ ಮಾತು, ಮೂರು ಕಾಲದಲ್ಲಿ. ಹೋಳಾದರೆ ಹಳೆಯದೇ. ಗೋ, ವೆಂಟ್, ವಿಲ್ ಗೋ.
"ನಿನ್ನೆ ನಿಜವಾಗ್ಲೂ ಮಾಡಿದ್ದನ್ನೇ ಹೇಳ್ಬೇಕು ಕಣೇ ಗುರುಸಿದ್ದಿ. ಸುಳ್ಳು ಹೇಳಿದ್ರೆ ಇಂಗ್ಲಿಷ್ ನಾಲಿಗೆ ಮೇಲೆ ನಿಲ್ಲಲ್ಲ" ಅಂತಾಳೆ ಹೊಂಬಾಳಕ್ಕ.
ಮೂಲೆಯಿಂದ ಅಂಕಮ್ಮನವರು: "ಏನೇ ಅದು, ಕೋಳಿ ಕೆದಕ್ದಂಗೆ! ಬಾಯಿ ಆಡ್ದಷ್ಟು ಕೈನೂ ಆಡ್ಲಿ."
ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ನಾಚಿಕೆ. ಆದರೂ ದಾರಿಯುದ್ದಕ್ಕೂ ಗೊಣಗಿಕೊಂಡು ಬಂದೆ.

19-1, ಸೋಮವಾರ
ಅಪ್ಪನ ಔಷಧಿಗೆ ತಿಪಟೂರಿಗೆ ಹೋಗಿದ್ದೆ. ಮಹಿಳಾ ಸಮಾಜದ ಬಾಗಿಲಲ್ಲಿ ಕಾಗದ ಅಂಟಿಸಿದ್ದರು. ನಮ್ಮ ಹೊನ್ನವಳ್ಳಿಯ ಶಿಶುವಿಹಾರಕ್ಕೆ ಟೀಚರ್ ಬೇಕು — ಒಬ್ಬಳು. ನಾಲ್ಕು ಓದಿದ್ದರೂ ಸರಿ, ಚೂರು ಇಂಗ್ಲಿಷ್ ಬರಬೇಕು. ಶನಿವಾರ ಕೊನೆ. ಅಲ್ಲೇ ಅರ್ಜಿ ಬರೆದುಕೊಟ್ಟೆ.
ಹೊಂಬಾಳಕ್ಕನೂ ಹಾಕಿದರೆ ನನ್ನನ್ನು ಯಾರು ಕೇಳುತ್ತಾರೆ...

20-1, ಮಂಗಳವಾರ
"ನಿನ್ನೆ ಏನ್ಮಾಡ್ದೆ?"
"ಐ ವೆಂಟ್ ಟು ತಿಪಟೂರ್. ಐ ಬಾಟ್ ಮೆಡಿಸಿನ್."
"ಭೇಷ್! ಆಮೇಲೆ?"
"ಐ ಕೇಮ್ ಹೋಮ್."
ಎಲ್ಲವೂ ನಿಜವೇ. ಆದರೂ ಸಾಲಾಗಿ ಮೂರು ಕೊಬ್ಬರಿ ಹೋಳಾದವು. "ಮನಸೆಲ್ಲಿಟ್ಟಿದೀಯೇ? ಗಂಡು ಗೊತ್ತಾಯ್ತಾ?" ಅಂಕಮ್ಮನವರು.

23-1, ಶುಕ್ರವಾರ
ಎರಡು ದಿನ ಜ್ವರ ಅಂತ ಹೋಗಲಿಲ್ಲ. ಜ್ವರ ಇರಲಿಲ್ಲ.
ಇವತ್ತು ಹೊಂಬಾಳಕ್ಕ ಕೇಳಿದಳು, "ವಾಸಿ ಆಯ್ತಾ? ನೀನು ಬರದೇ ಇದ್ರೆ ನಾನು ಓದಿದವಳು ಅನ್ನೋದೇ ಮರ್ತೋಗುತ್ತೆ ಕಣೇ." ಪಕ್ಕದಲ್ಲೇ ಅಂಕಮ್ಮನವರು. ಸೊಸೆ ಕೆಲಸಕ್ಕೆ ಹೋಗುವುದನ್ನು ಒಪ್ಪುವವರಲ್ಲ. ಕನ್ನಡದಲ್ಲಿ ಹೇಳುವಂತಿಲ್ಲ. ಹೇಳುವ ಧೈರ್ಯವೂ ಇಲ್ಲ.
"ಐ ಸಾ ಎ ಪೇಪರ್," ಅಂದೆ. "ಟೀಚಿಂಗ್ ಜಾಬ್. ಅವರ್ ವಿಲೇಜ್. ಟುಮಾರೋ ಲಾಸ್ಟ್. ಐ ಡಿಡ್ ನಾಟ್ ಟೆಲ್ ಯು."
ಅವಳ ಮಚ್ಚು ನಿಂತಿತು. "ಯು ಗೇವ್?"
"ಐ ಗೇವ್."
ಇನ್ನೊಂದು ಚಿಪ್ಪು ಎತ್ತಿಕೊಂಡು ಒಡೆದಳು. ಆಮೇಲೆ ಮೆಲ್ಲಗೆ — "ಐ ವಿಲ್ ಗೋ."
"ಏನಂತೆ?" ಅಂಕಮ್ಮನವರು.
"ಪಾಠ, ಅತ್ತೆ."

24-1, ಶನಿವಾರ, ಸಂಜೆ
ಒಂದು ಗಂಟೆಗೆ ಹೊಂಬಾಳಕ್ಕ ತೋಟಕ್ಕೆ ಅಂತ ಹೇಳಿ ಹೊರಟಳು. ಅವಳ ಗುಡ್ಡೆಯನ್ನೂ ನಾನೇ ಒಡೆಯುತ್ತಿದ್ದೆ. ತಿಪಟೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ಅಂಕಮ್ಮನವರು ಎದುರು ನಿಂತರು.
"ತೋಟದಾಗಿಲ್ಲ. ನಿಂಗೊತ್ತು. ಎಲ್ಲೋದ್ಲೇ?"
ಬಸ್ ಸ್ಟ್ಯಾಂಡ್ ಅಂದರೆ ಸಾಕಿತ್ತು. ಅವಳ ಗಂಡ ಸೈಕಲ್ ಹತ್ತಿ ಕರೆತರುತ್ತಿದ್ದ. ಕೆಲಸ ನನಗೇ ಅಂತ ಆಸೆ ಇಟ್ಟುಕೊಳ್ಳಬಹುದಿತ್ತು.
"ನಮ್ಮನೇಲಿ ಮಲಗವ್ಳೆ ಅಮ್ಮೋರೆ. ಹೊಟ್ಟೆನೋವಂತೆ."
"ನಡಿ, ನೋಡ್ತೀನಿ."
ನಿಧಾನ ನಡೆದೆ. ಚಪ್ಪಲಿ ಕಿತ್ತಿದೆ ಅಂತ ಕೂತೆ. ನಮ್ಮ ಮನೆ ಬಾಗಿಲು ತೆಗೆಯುವ ಹೊತ್ತಿಗೆ ಬಸ್ಸಿನ ಹಾರನ್ ಕೇಳಿತು. ಚಾಪೆ ಖಾಲಿ. "ಸುಳ್ಳಿ! ನಾಳೆಯಿಂದ ನಮ್ಮ ಹೊಸಿಲು ತುಳೀಬ್ಯಾಡ" ಅಂದರು.
ಕಿಟಕಿ ಹತ್ತಿರ ಕೂತು ಬರೆಯುತ್ತಿದ್ದೇನೆ. ಈಗ ವಾಪಸು ಬಸ್ಸು ಬಂತು. ಹೊಂಬಾಳಕ್ಕ ಇಳಿದಳು. ತನ್ನ ಮನೆ ಕಡೆ ತಿರುಗಲಿಲ್ಲ. ನಮ್ಮ ಬಾಗಿಲಿಗೇ ಬರುತ್ತಿದ್ದಾಳೆ. ಮುಖ ನೋಡಿದರೆ ಏನೂ ತಿಳಿಯುವುದಿಲ್ಲ. ಚಿಲಕ ತೆಗೆಯಬೇಕು.