ಕೊನೇ ಲಾರಿ ಬರೋವರೆಗೂ

ಅಪ್ಪಾ,

ಇವತ್ತು ಕಾಮಸಮುದ್ರದಿಂದ ವೆಂಕಟರಾಮಪ್ಪ ಅನ್ನೋರು ನಿನ್ನ ಹುಡುಕ್ಕೊಂಡು ಮನೆಗೆ ಬಂದಿದ್ರು. ಹಾರ ಹಾಕಿದ ನಿನ್ನ ಫೋಟೋ ನೋಡಿ, ಆ ವಯಸ್ಸಲ್ಲೂ ಸೆಟೆದು ನಿಂತು ಸೆಲ್ಯೂಟ್ ಹೊಡೆದ್ರು. ಎಪ್ಪತ್ತೊಂದರ ಯುದ್ಧದಲ್ಲಿ ಅವರು ಕಾಲ್ದಳದಲ್ಲಿದ್ರಂತೆ.

"ನಾವು ಮುಂದಕ್ಕೆ ಓಗ್ತಾನೇ ಇದ್ವಿ ಕಣಮ್ಮ. ಎರಡು ದಿನ ಒಟ್ಟೆಗಿಲ್ಲ, ಬಂದೂಕಿಗೆ ಗುಂಡೂ ಇಲ್ಲ. ತಿರುಗಿ ನೋಡಿದ್ರೆ, ರಸ್ತೇನೇ ಇಲ್ಲದ ಗದ್ದೆ ಬಯಲಲ್ಲಿ ಕಣ್ಣಾಯಿಸಿದಷ್ಟು ದೂರ ಲಾರಿ! ಕೆಸರಿಗೆ ಬಿದಿರು ಆಸ್ಕೊಂಡು, ತಳ್ಕೊಂಡು ಬಂದ್ಬುಟ್ಟಿದ್ರು. ಮೊದಲನೇ ಲಾರಿಯಿಂದ ನಿಮ್ಮಪ್ಪ ಇಳಿದು, ಕನ್ನಡದಾಗೆ 'ಉಣ್ರಪ್ಪಾ' ಅಂದ. ಅವನು ಮಾತ್ರ ಉಣ್ಣಲಿಲ್ಲ. ಕೊನೇ ಲಾರಿ ಬರೋವರೆಗೂ ಡ್ರೈವರ್‌ಗಳು ಯಾರೂ ಉಣ್ಣಂಗಿಲ್ಲ ಅನ್ನೋದು ಅವರ ಪದ್ಧತಿ. ಅವತ್ತು ಆ ಲಾರಿ ಬರಲೇ ಇಲ್ಲ."

ಅಂಥಾ ಸೈನ್ಯಕ್ಕೆ ಉಣ್ಣಿಸಿದೋನು ನೀನು, ನಮ್ಮ ಹತ್ರ "ಅಕ್ಕಿ ಮೂಟೆ ಸಾಗಿಸ್ತಿದ್ದೆ" ಅಂತಷ್ಟೇ ಹೇಳಿದ್ದೆ.

ಬಂಗಾರಪೇಟೆಯಿಂದ ನಾನು ಬರೋ ರೈಲು ತಡವಾದಾಗೆಲ್ಲ, ನೀನು ಮುದ್ದೆ ಮುಟ್ಟದೆ ಬಾಗಿಲಲ್ಲಿ ಕೂತಿರ್ತಿದ್ದೆ. "ತಿಂದು ಮಲಗೋಕೇನು ರೋಗ ನಿಂಗೆ?" ಅಂತ ನಾನು ರೇಗ್ತಿದ್ದೆ. ನೀನು ಎದ್ದು ಊಟಕ್ಕೆ ಕೈ ತೊಳೀತಿದ್ದೆ.

ನಿನ್ನ ಮೊಮ್ಮಗಳು ಅಕ್ಷರಾ ಬರೋ ರೈಲು ಇನ್ನೂ ನಮ್ಮ ಮಾರಿಕುಪ್ಪಂ ಮುಟ್ಟಿಲ್ಲ. ಮುದ್ದೆ ಆರ್ತಾ ಇದೆ. ನೀನು ಕೂರ್ತಿದ್ದ ಬಾಗಿಲಲ್ಲೇ ಕೂತು ಇದನ್ನ ಬರೀತಿದ್ದೀನಿ.