ಮೊದಲು ಬಂದವರು ಶುರುಮಾಡಲಿ

ಕೊಕೊಮೊ, ಇಂಡಿಯಾನಾ
ಅಕ್ಟೋಬರ್ ೯

ಪ್ರೀತಿಯ ಮಾರಿಬೆತ್‌ಗೆ,

ಅಮ್ಮನ ಅಪ್ಪುಗೆ, ಮುತ್ತು. ಕಾಗದ ತಡವಾಯಿತು, ಎಷ್ಟು ಬೇಕೋ ಅಷ್ಟು ಬೈದುಕೋ. ಅಲಾಸ್ಕಾದ ಚಳಿಯಲ್ಲಿ ಮೀನು ಡಬ್ಬಿಗೆ ತುಂಬಿ ತುಂಬಿ ನಿನ್ನ ಕೈ ಬಿರುಕು ಬಿಟ್ಟಿರಬೇಕು. ಇದರ ಜೊತೆ ಒಂದು ಮುಲಾಮು ಕಳಿಸಿದ್ದೇನೆ. ವಿಲ್ಮಾ ಮಾಡಿದ್ದು ಅಂತ ಎಸೆಯಬೇಡ. ಮುಲಾಮಿಗೆ ಯಾರ ಮೇಲೂ ಜಗಳವಿಲ್ಲ.

ಮೊದಲು ಖರ್ಚು ಹೇಳಿಬಿಡುತ್ತೇನೆ, ಹೇಳದಿದ್ದರೆ ನನಗೆ ಮುಂದೆ ಬರೆಯಲು ಬರುವುದಿಲ್ಲ. ಒಂದು ಶನಿವಾರದ ಟೈರ್ ವ್ಯಾಪಾರ ಹೋಯಿತು. ನನ್ನ ಗಂಟಲು ಹೋಯಿತು, ಈಗ ಗಿರಾಕಿಗಳಿಗೆಲ್ಲ ಸನ್ನೆಯಲ್ಲೇ ಬೆಲೆ ಹೇಳುತ್ತಿದ್ದೇನೆ. ನಿನ್ನ ಅಜ್ಜಿಯ ದೊಡ್ಡ ಕಾಫಿ ಪಾತ್ರೆಯ ತಳ ಸೀದು ಹೋಯಿತು. ಎರಡು ಹಳೆಯ ಗೆಳೆತನ ಹೋದವು, ಸಂಜೆಯ ಹೊತ್ತಿಗೆ ವಾಪಸ್ ಬಂದವು. ಇಷ್ಟೆಲ್ಲ ಕೊಟ್ಟು ನಿನ್ನ ಅಮ್ಮ ಏನು ಕೊಂಡಳು ಗೊತ್ತೇ? ಒಂದು ಸಮ್ಮೇಳನ! ಹಳೆಯ ದೇವರುಗಳನ್ನು ನಂಬುವ ಉತ್ತರ ಇಂಡಿಯಾನಾದ ಪೇಗನ್ ಮುಂದಾಳುಗಳ ಮೊಟ್ಟಮೊದಲ ಸಮ್ಮೇಳನ!

ನಗಬೇಡ. ನಮ್ಮವರನ್ನು ಒಂದೇ ಸೂರಿನಡಿ ಕೂರಿಸುವುದೆಂದರೆ ಬೆಕ್ಕುಗಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದ ಹಾಗೆ. ಆದರೂ ಎಲ್ಲರೂ ಬಂದರು. ಮಾಟಗಾತಿಯರು ಬಂದರು, ಮರಗಳನ್ನು ಪೂಜಿಸುವ ಡ್ರೂಯಿಡರು ಬಂದರು, ಕೊರಳಲ್ಲಿ ಥಾರ್ ದೇವರ ಸುತ್ತಿಗೆ ಕಟ್ಟಿಕೊಂಡ ಗಡ್ಡದವರು ಬಂದರು, ಯಾವ ಗುಂಪಿಗೂ ಸೇರದ ಒಂಟಿ ಜನರು ಒಟ್ಟಾಗಿ ಬಂದು ಒಂದೇ ಮೇಜಿನಲ್ಲಿ ಕೂತರು. ನಮ್ಮವರು ಗಂಟೆ ತಡವಾಗಿ ಬರುವುದನ್ನು ವ್ರತದ ಹಾಗೆ ಪಾಲಿಸುತ್ತಾರಲ್ಲ, ಅದಕ್ಕೇ ಹತ್ತಕ್ಕೆ ಶುರುವಾಗುವುದನ್ನು ಒಂಬತ್ತಕ್ಕೆ ಎಂದು ಅಚ್ಚು ಹಾಕಿಸಿದ್ದೆ. ಆ ಉಪಾಯವನ್ನು ಕಂಡುಹಿಡಿದವರು ಹನ್ನೊಂದಕ್ಕೆ ಬಂದರು.

ಜಾತ್ರೆ ಮೈದಾನದ ಹಾಲ್ ನೋಡಿಕೊಳ್ಳುವ ಎಲಾಮ್ ಯೋಡರ್‌ನ ನೆನಪಿದೆಯಲ್ಲ? ಆ ಮೆನೊನೈಟ್ ಪಂಥದ ಕ್ರೈಸ್ತ ಮುದುಕ, ಹುಲ್ಲಿನ ಟೋಪಿಯವನು. ಬೀಗದ ಕೈ ಕೊಡುವಾಗ ನನ್ನನ್ನು ಪಕ್ಕಕ್ಕೆ ಕರೆದ.

“ಜೆರಿ, ಇವ್ರು ಒಳಗೆ ದೆವ್ವ ಗಿವ್ವ ಕರೀತಾರಾ?”

“ಇಲ್ಲ ಮಾರಾಯ. ಮೂರು ಜನ ಸೇರಿದ್ರೆ ಸಮಿತಿ ಕರೀತಾರೆ, ಅಷ್ಟೆ.”

“ಅದಕ್ಕಿಂತ ದೆವ್ವಾನೇ ವಾಸಿ,” ಎಂದ. ಮೂವತ್ತು ವರ್ಷ ಚರ್ಚಿನ ಸಮಿತಿಯಲ್ಲಿದ್ದವನು, ಅನುಭವದ ಮಾತು.

ಶನಿವಾರ ಚೆನ್ನಾಗಿಯೇ ಹೋಯಿತು. ಮಕ್ಕಳ ಸುರಕ್ಷತೆಯ ಬಗ್ಗೆ ಒಬ್ಬಳು ಅಚ್ಚುಕಟ್ಟಾಗಿ ಮಾತಾಡಿದಳು. ‘ಗುಂಪಿನೊಳಗಿನ ಜಗಳ ಬಿಡಿಸುವುದು ಹೇಗೆ’ ಎಂಬ ಗೋಷ್ಠಿಯನ್ನು ಮಾತ್ರ ನಾನೇ ಒಳನುಗ್ಗಿ ಬಿಡಿಸಬೇಕಾಯಿತು. ಆದರೆ ನನಗೆ ಬೇಕಾಗಿದ್ದು ಗೋಷ್ಠಿಗಳಲ್ಲ. ನನಗೆ ಬೇಕಾಗಿದ್ದು ಭಾನುವಾರದೊಳಗೆ ಒಂದು ಹಾಳೆಯ ಮೇಲೆ ಎಲ್ಲರ ಸಹಿ. ನಮ್ಮ ಯಾವ ಊರಲ್ಲೇ ಆಗಲಿ, ನಮ್ಮವರೊಬ್ಬರು ಸತ್ತರೆ ಮನೆಯವರು ಯಾರಿಗೆ ಫೋನ್ ಮಾಡಬೇಕು ಎಂಬ ಹೆಸರುಗಳು; ಕೆಳಗೆ ಒಂದೇ ಒಂದು ನಿಯಮ. ಮೊದಲು ಬಂದವರು ತಮ್ಮ ಪದ್ಧತಿಯಂತೆ ಶುರುಮಾಡಲಿ, ಆಮೇಲೆ ಬಂದವರು ಮುಗಿಯುವವರೆಗೆ ಸುಮ್ಮನೆ ನಿಲ್ಲಲಿ. ಇದಕ್ಕಾಗಿಯೇ ಈ ಇಡೀ ಸಂತೆ ನೆರೆಸಿದ್ದು.

ಭಾನುವಾರ ಬೆಳಿಗ್ಗೆ ನಾನು ಒಂದು ತಪ್ಪು ಮಾಡಿದೆ. “ಸಭೆಗೆ ಮುಂಚೆ ಯಾರಾದ್ರೂ ಒಬ್ರು ರಕ್ಷೆಯ ವೃತ್ತ ಹಾಕಿಬಿಡಿ” ಎಂದೆ. ‘ಯಾರಾದರೂ ಒಬ್ಬರು’ ಎಂದರೆ ನಮ್ಮಲ್ಲಿ ಎಲ್ಲರೂ ಎಂದರ್ಥ. ಅತ್ತ ಪೂರ್ವದ ಬಾಗಿಲಿಂದ ವಿಲ್ಮಾ ತನ್ನ ಕಪ್ಪು ಹಿಡಿಯ ಚಾಕು ಹಿಡಿದು ಹೊರಟಳು. ಇತ್ತ ಉತ್ತರದ ಮೂಲೆಯಿಂದ ಹಾರ್ಲನ್ ಪೀಬಡಿ ತನ್ನ ದೊಣ್ಣೆ ಹಿಡಿದು ಹೊರಟ. ವಿಲ್ಮಾ ಹಲ್ಲಿನ ಡಾಕ್ಟರ ಹತ್ತಿರ ನರ್ಸಾಗಿದ್ದರೂ ಚಾಕು ಹಿಡಿದರೆ ಮಾಟಗಾತಿಯರ ರಾಣಿ. ಹಾರ್ಲನ್ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದರೂ ದೊಣ್ಣೆ ಹಿಡಿದರೆ ಡ್ರೂಯಿಡರ ಗುರು. ಇಬ್ಬರೂ ಹಾಲ್‌ನ ಹೊರಗೋಡೆಯ ಗುಂಟ ಒಳಗಿಂದಲೇ ಒಬ್ಬರ ಹಿಂದೆ ಒಬ್ಬರು ಸುತ್ತಿದರು. ಅವಳು ಗಾಳಿಯನ್ನು ಕರೆದರೆ ಇವನು ಭೂಮಿಯನ್ನು ಕರೆದ, ಅವಳು ದನಿ ಏರಿಸಿದರೆ ಇವನು ಇನ್ನೂ ಏರಿಸಿದ. ಕಟ್ಟಡದ ಸುತ್ತಲೇ ಹಾಕಿ, ಶೌಚಾಲಯ ಒಳಗೇ ಬರಲಿ ಎಂದು ಹೇಳಿದ್ದು ನಾನೇ. ಊಟದ ಡೇರೆ ಹುಲ್ಲಿನ ಮೇಲೆ ಹೊರಗುಳಿಯಿತು. ಅದೂ ನನ್ನದೇ ಲೆಕ್ಕಾಚಾರ ಎಂದು ಈಗ ಎಲ್ಲರೂ ಹೇಳುತ್ತಿದ್ದಾರೆ. ನಾನು ಇಲ್ಲ ಎನ್ನಲು ಹೋಗಿಲ್ಲ.

ನಿನಗೆ ಗೊತ್ತು, ವೃತ್ತ ಹಾಕಿದವರೇ ಅದನ್ನು ಬಿಚ್ಚಬೇಕು. ಅಲ್ಲಿಯವರೆಗೆ ಯಾರೂ ಗೆರೆ ದಾಟುವ ಹಾಗಿಲ್ಲ. ಈಗ ಗೆರೆ ಎರಡು, ಒಂದರ ಮೇಲೊಂದು.

ಹಾಳೆ ಸುತ್ತು ಬಂತು. ಸುತ್ತಿಗೆಯವರು ಸಹಿ ಹಾಕಿದರು, ಒಂಟಿಗಳು ಸಹಿ ಹಾಕಿದರು. ಹಾರ್ಲನ್ ಕನ್ನಡಕ ಹಾಕಿಕೊಂಡು ಓದಿದ.

“ಇದೇನ್ ಜೆರಿ? ಮೊದ್ಲು ಹತ್ತಿದೋನೇ ಬಸ್ ಓಡಿಸ್ಬೇಕಾ?”

“ಡ್ರೈವರ್ ತಡವಾಗಿ ಬಂದ್ರೆ, ಹೌದು.”

“ಪೂರ್ವದಿಂದ ಶುರುಮಾಡೋರು ನಮ್ಮೋರನ್ನ ಕಳಿಸ್ತಾರೆ, ನಾವು ಬಾಯ್ಮುಚ್ಚಿಕೊಂಡು ನಿಂತಿರ್ಬೇಕಾ?”

“ಉತ್ತರದಿಂದ ಶುರುಮಾಡೋರ ಮುಂದೆ ನಾವು ನಿಂತಿರ್ಬೇಕಂತೆ!” ಎಂದಳು ವಿಲ್ಮಾ. “ದಾರಿ ತಪ್ಪಿಸಿ ಎಲ್ಲಿಗೆ ಇಳಿಸ್ತಾನೋ. ಬಸ್ಸಲ್ಲೇ ನೋಡಿದ್ದೀವಲ್ಲ.”

ಹಾರ್ಲನ್ ಟೋಪಿ ಎತ್ತಿಕೊಂಡು ಎದ್ದ. ದಡದಡ ಬಾಗಿಲವರೆಗೆ ನಡೆದ. ಅಲ್ಲಿ ಗಕ್ಕನೆ ನಿಂತ.

“ವಿಲ್ಮಾ, ನಿನ್ ಗೆರೆ ತೆಗಿ. ನಾನ್ ಹೋಗ್ಬೇಕು.”

“ನಿಂದು ಮೊದ್ಲು ತೆಗಿ. ನಿಂದು ನಂದ್ರ ಒಳಗಿದೆ.”

“ನಿಂದೇ ನಂದ್ರ ಒಳಗಿರೋದು! ಕೊನೇಲಿ ಹಾಕಿದ್ದನ್ನ ಮೊದ್ಲು ಬಿಚ್ಬೇಕು.”

“ಕೊನೇಲಿ ಹಾಕಿದ್ದು ಯಾರು?”

ಯಾರಿಗೂ ಗೊತ್ತಿರಲಿಲ್ಲ. ಇಬ್ಬರಿಗೂ ಹೊರಗೆ ಹೋಗುವಷ್ಟು ಸಿಟ್ಟು, ಆದರೆ ಒಬ್ಬರನ್ನು ಬಿಟ್ಟು ಒಬ್ಬರು ಹೋಗುವಂತಿಲ್ಲ! ಮಗಳೇ, ಅಷ್ಟೊಂದು ಜನರ ನಡುವೆ ನಾನು ಕೆನ್ನೆಯ ಒಳಭಾಗ ಕಚ್ಚಿಕೊಂಡು ನಗು ತಡೆದೆ. ಕಿಟಕಿಯಿಂದ ಹುರಿದ ಕೋಳಿಯ ವಾಸನೆ ತೇಲಿ ಬರುತ್ತಿತ್ತು. ಹೊರಗೆ ಎಲಾಮ್ ಟೋಪಿಯಿಂದ ಕಣಜದ ಹುಳ ಓಡಿಸುತ್ತಾ ನಿಂತಿದ್ದ.

“ಜೆರಿ, ಕೋಳಿ ತಣ್ಣಗಾಗ್ತಿದೆ! ಸೇಬಿನ ಪೈಗೆ ಕಣಜ ಮುತ್ತುತ್ತಿವೆ!”

“ನೀವೇ ಒಳಗೆ ತನ್ನಿ!” ಎಂದು ಯಾರೋ ಹಸಿದವರು ಕೂಗಿದರು.

“ತರಲ್ಲ,” ಎಂದ ಎಲಾಮ್. “ನಂಗೆ ನಿಮ್ಮ ಗೆರೆ ಮೇಲೆ ನಂಬಿಕೆ ಇಲ್ಲ. ಆದ್ರೆ ಬೇರೆಯವ್ರ ಮನೇಲಿ ಹೆಂಗಿರ್ಬೇಕು ಅನ್ನೋದು ಗೊತ್ತಿದೆ.”

ಆಗ ನಾನು ಎದ್ದೆ. ದೊಡ್ಡ ಭಾಷಣವನ್ನೇ ಕಟ್ಟಿಟ್ಟುಕೊಂಡಿದ್ದೆ. ಬಂದದ್ದು ಇಷ್ಟೇ.

“ಊಟಕ್ಕೆ ಹೊರಗೆ ಹೋಗೋಕೇ ನಮ್ಮಲ್ಲಿ ಒಮ್ಮತ ಇಲ್ಲ. ಸತ್ತೋರನ್ನ ಹೆಂಗೆ ಕಳಿಸ್ತೀವಿ? ಅವ್ರು ಕಾಯ್ತಾರಾ?”

ಹಾರ್ಲನ್ ನನ್ನ ಕಡೆ ತಿರುಗಿದ. ನೋಡಿದ. ತಲೆಯ ಮೇಲಿಟ್ಟಿದ್ದ ಟೋಪಿ ಮತ್ತೆ ಕೈಗೆ ಬಂತು. ವಿಲ್ಮಾ ನೆಲ ನೋಡುತ್ತಿದ್ದಳು. ಯಾರ ಬಗ್ಗೆ ಹೇಳುತ್ತಿದ್ದೇನೆಂದು ಇಬ್ಬರಿಗೂ ಅರ್ಥವಾಗಿತ್ತು.

“ಎಲ್ಲಿ ಆ ಹಾಳೆ,” ಎಂದ ಹಾರ್ಲನ್. ಬಾಗಿಲಿಗೇ ಒತ್ತಿ ಹಿಡಿದು ಸಹಿ ಹಾಕಿದ. ವಿಲ್ಮಾ ಅಲ್ಲಿಗೇ ನಡೆದು ಬಂದು, ಅವನ ಪೆನ್ನನ್ನೇ ಇಸಿದುಕೊಂಡು ತನ್ನ ಹೆಸರು ಬರೆದಳು. ಆಮೇಲೆ ಯಾರು ಮೊದಲು ಬಿಚ್ಚಬೇಕು ಎಂಬ ಪ್ರಶ್ನೆ. ಅವಳೇ ಹೇಳಿದಳು: “ಬಾಗಿಲಿಗೆ ಮೊದ್ಲು ಬಂದೋನು ನೀನು. ಶುರುಮಾಡು.” ಅವನು ಉತ್ತರದಿಂದ ಬಿಚ್ಚುತ್ತಾ ಬಂದ. ಅವಳ ತುಟಿ ಅದುರುತ್ತಿತ್ತು, ಆದರೂ ಸುಮ್ಮನೆ ನಿಂತಿದ್ದಳು. ವಿಲ್ಮಾ ಸುಮ್ಮನೆ ನಿಂತಿದ್ದನ್ನು ಕಂಡವರಲ್ಲಿ ನಾವೇ ಮೊದಲಿಗರಿರಬೇಕು.

ಆಮೇಲಿನದನ್ನು ಏನು ಹೇಳಲಿ! ಅವಳೂ ತನ್ನ ಗೆರೆ ಬಿಚ್ಚಿ ಬಾಗಿಲು ತೆರೆದದ್ದೇ ತಡ, ಶಾಲೆ ಬಿಟ್ಟ ಮಕ್ಕಳ ಹಾಗೆ ಓಡಿದರು. ತಣ್ಣನೆ ಕೋಳಿ ಅಷ್ಟು ರುಚಿ ಎಂದು ನನಗೆ ಗೊತ್ತಿರಲಿಲ್ಲ. ಡೋಲು ಬಂತು, ಕುಣಿತ ಬಂತು, ಸುತ್ತಿಗೆಯ ಗಡ್ಡದವನೊಬ್ಬ ಎಲಾಮ್‌ನ ಹುಲ್ಲಿನ ಟೋಪಿ ಹಾಕಿಕೊಂಡು ಕುಣಿದ. ನಾನೂ ಕುಣಿದೆ, ಈ ಮಂಡಿಗಳಲ್ಲೇ! ಮುಂದಿನ ವರ್ಷ ಒಹಾಯೋದವರೂ ಬರುತ್ತಾರಂತೆ.

ಮೈಮೇಲೆ ಗಮನವಿರಲಿ. ಬೆಚ್ಚಗಿನ ಕಾಲುಚೀಲ ಹಾಕಿಕೋ. ನಿನ್ನ ಒಲೆ ಆರದಿರಲಿ, ನಿನ್ನ ಹಾದಿಯ ಮೇಲೆ ಹಳೆಯ ದೇವರುಗಳೆಲ್ಲ ಕಣ್ಣಿಟ್ಟಿರಲಿ, ನೀನು ಅವರ ಮೇಲೆ ಮುನಿಸಿಕೊಂಡಿದ್ದರೂ ಸರಿ.

ನಿನ್ನ ಅಮ್ಮ,
ಜೆರಿ

ಮರೆತಿದ್ದು: ಮರೆತಿರಲಿಲ್ಲ, ಮೇಲೆ ಬರೆಯಲು ಆಗಲಿಲ್ಲ. ಫೆಬ್ರವರಿಯಲ್ಲಿ ನಿನ್ನ ಅಪ್ಪ ಲೊವೆಲ್‌ನನ್ನು ಸುಡುವ ದಿನ ಚಿತಾಗಾರದವನು ನಮಗೆ ಅರ್ಧ ಗಂಟೆ ಕೊಟ್ಟಿದ್ದ. ವಿಲ್ಮಾ, ಹಾರ್ಲನ್ ಇಬ್ಬರೂ ತಡವಾಗಿ ಬಂದರು. ಬಂದವರು ಪೂರ್ವವೋ ಉತ್ತರವೋ ಎಂದು ಶವಪೆಟ್ಟಿಗೆಯ ಎರಡು ಕಡೆ ನಿಂತು ವಾದ ಮಾಡಿದರು. ಆ ಮನುಷ್ಯ ಗಡಿಯಾರ ನೋಡಿ, “ಕ್ಷಮಿಸಿ ಅಮ್ಮ, ಹಿಂದೆ ಇನ್ನೊಬ್ರು ಕಾಯ್ತಿದ್ದಾರೆ” ಎಂದು ಗುಂಡಿ ಒತ್ತಿದ. ಲೊವೆಲ್ ಬೀಳ್ಕೊಡುವ ಒಂದು ಮಾತೂ ಇಲ್ಲದೆ ಹೋದ. ನೀನು ಆ ಬಾಗಿಲಿಂದಲೇ ಹೊರಟವಳು, ಇನ್ನೂ ಮನೆಗೆ ಬಂದಿಲ್ಲ. ನಿನ್ನನ್ನು ದೂರಲು ಇದನ್ನು ಬರೆಯುತ್ತಿಲ್ಲ.

ಕಳೆದ ಗುರುವಾರ ವಾಬಾಶ್‌ನಲ್ಲಿ ನಮ್ಮ ಮುದುಕನೊಬ್ಬ ತೀರಿಕೊಂಡ. ಹೆಂಡತಿ ಹಾಳೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ಈ ಸಲ ವಿಲ್ಮಾ ಮೊದಲು ತಲುಪಿದಳು, ಪೂರ್ವದಿಂದ ಶುರುಮಾಡಿದಳು. ಹಾರ್ಲನ್ ಆಮೇಲೆ ಬಂದ. ಬಾಗಿಲ ಹತ್ತಿರ ಟೋಪಿ ತೆಗೆದು, ಮುಗಿಯುವವರೆಗೆ ತುಟಿ ಬಿಚ್ಚದೆ ನಿಂತಿದ್ದ.

ಯಾರಿಗೆ ಏನು ಸಿಕ್ಕಿತು, ಹೇಳಿಬಿಡುತ್ತೇನೆ. ಹಾರ್ಲನ್‌ಗೆ ಸುಮ್ಮನಿರಲು ಬಂತು. ವಿಲ್ಮಾಗೆ ಹೊತ್ತಿಗೆ ಸರಿಯಾಗಿ ಬರಲು ಬಂತು. ಎಲಾಮ್‌ಗೆ ಉಳಿದ ಸೇಬಿನ ಪೈಗಳೆಲ್ಲ ಸಿಕ್ಕವು. ವಾಬಾಶ್‌ನ ಆ ಹೆಂಗಸಿಗೆ ತನ್ನ ಅರ್ಧ ಗಂಟೆ ಪೂರ್ತಿ ಸಿಕ್ಕಿತು. ನಿನ್ನ ಅಪ್ಪನಿಗೆ ಏನೂ ಸಿಗಲಿಲ್ಲ. ನನಗೆ, ನಿನಗೊಂದು ಕಾಗದ ಬರೆಯುವ ಮುಖ ಸಿಕ್ಕಿತು.