ಒಂದು ಸಾಲೂ ಬೇಡದ ಫೋಟೋ

ಮಲ್ಕಾಜ್‌ಗಿರಿ, ಸೋಮವಾರ

ತಂಗಿ ಗಂಗಾ,

ನಿನ್ನೆ ಕನ್ನಡ ಸಂಘದ ಪ್ರದರ್ಶನದಲ್ಲಿ ನೀನು ತೆಗೆದ ಫೋಟೋದ ಮುಂದೆ ನಿಂತು, ಕೊನೆಯ ಸಾಲಿಗೂ ಮುಟ್ಟುವಂತೆ ಗುಡುಗಿದೆ: "ಯಾರೀಕಿ? ಕೂಕಟ್‌ಪಲ್ಲಿ ರಸ್ತ್ಯಾಗ ಸುಮ್ಮನ ಯಾಕ ನಿಂತಾಳ? ಕೆಳಗ ನಾಕು ಸಾಲು ಬರಿ!" ನಮ್ಮ ನಾಟಕ ಕಂಪನಿಯಲ್ಲಿ ಹೆಸರು ಸಾರದೆ ಯಾವ ಪಾತ್ರವೂ ರಂಗಕ್ಕೆ ಬರುತ್ತಿರಲಿಲ್ಲ, ಬೈಗುಳವಿಲ್ಲದೆ ತಾಲೀಮು ನಡೆಯುತ್ತಿರಲಿಲ್ಲ. ಆ ರೂಢಿಯಲ್ಲೇ ಕೂಗಿದೆ. ನೀನು "ಇನ್ನ ಫೋಟೋ ತೆಗ್ಯಂಗಿಲ್ರಿ ಕಾಕಾ" ಎಂದು ಅದನ್ನು ಗೋಡೆಯಿಂದ ಇಳಿಸಿಟ್ಟು ಹೋದೆ.

ಸಂಜೆ ಹಾಲ್ ಗುಡಿಸಲು ಬಂದ ಸುಗಲಮ್ಮ ಅದನ್ನೆತ್ತಿ ಬಹಳ ಹೊತ್ತು ನೋಡಿದಳು. ಆಕೆ ಮೊದಲು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದವಳು.

"ಈಕಿ ಈಗಷ್ಟ ಬುಟ್ಟಿ ಇಳಿಸ್ಯಾಳ್ರಿ," ಎಂದಳು.

"ಬುಟ್ಟಿ ಎಲ್ಲೈತಿ?" ಎಂದೆ.

"ಕುತ್ತಿಗಿ ನೋಡ್ರಿ. ಭಾರ ಇಳದ್ರೂ ಬಗ್ಗವಲ್ದು."

ನೋಡಿದೆ, ತಂಗಿ. ನಾನು ಕೂಗಿ ಕೇಳಿದ್ದಕ್ಕೆಲ್ಲ ಆ ಕುತ್ತಿಗೆಯೇ ಉತ್ತರ ಹೇಳುತ್ತಿತ್ತು. ಆ ಫೋಟೋಕ್ಕೆ ಯಾರ ಮಾತಿನ ಆಸರೆಯೂ ಬೇಡ.

ಪ್ರದರ್ಶನ ಬರುವ ಭಾನುವಾರದವರೆಗೆ ಇದೆ. ನೀನೇ ಬಂದು ಅದನ್ನು ತೂಗುಹಾಕು. ಎಲ್ಲರೆದುರು ಬೈದವನು ಎಲ್ಲರೆದುರೇ ತಪ್ಪೊಪ್ಪಿಕೊಳ್ಳುತ್ತೇನೆ. ಇನ್ನು ಯಾರ ಫೋಟೋದ ಮುಂದೆ ನಿಂತರೂ ಮೊದಲು ನನಗೆ ಕಂಡದ್ದನ್ನು ಹೇಳುತ್ತೇನೆ. ಕಾಣದ್ದನ್ನು ಹತ್ತಿರ ಬಂದು, ಮೆಲ್ಲಗೆ ಕೇಳುತ್ತೇನೆ.

ನಿನ್ನ ದಾರಿ ನೋಡುತ್ತಿರುವ,
ಗೊಲ್ಲಾಳಪ್ಪ ಕಾಕಾ